ಐದು ಆಕ್ಸೈಡ್ ಒಂದೇ ಫೇಸ್ (ಒಂದೇ ಹರಳಿನ ರಚನೆ) ಆಗಬೇಕಾ? ಬಿಲ್ಲೆಯನ್ನು ಬಿಸಿ ಇರುವಾಗಲೇ ಹೊರಗೆ ತೆಗೆಯಿರಿ

ಧಾರವಾಡದಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಮಾಡಿದ ಮೊದಲ ಹೈ ಎಂಟ್ರೊಪಿ ಆಕ್ಸೈಡ್ (ಹಲವು ಲೋಹಗಳ ಆಕ್ಸೈಡ್ ಸೇರಿ ಒಂದೇ ಹರಳಾದದ್ದು) ಕೆಟ್ಟಿದ್ದು ಚಿಗರಿ ಬಸ್ಸು ಹಿಡಿಯುವ ಅವಸರದಲ್ಲಿ. ಹುಬ್ಬಳ್ಳಿಗೆ ಕೊನೇ ಬಸ್ಸು ತಪ್ಪೀತು ಅಂತ ಫರ್ನೇಸ್ ಆಫ್ ಮಾಡಿ, ಪುಡಿ ಒತ್ತಿ ಮಾಡಿದ ಬಿಲ್ಲೆಯನ್ನು ಒಳಗೇ ಆರಲು ಬಿಟ್ಟು ಓಡಿದೆ. ಮರುದಿನ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಕಾಪರ್ ಆಕ್ಸೈಡ್ ಬೇರೆಯಾಗಿ ಕೂತಿತ್ತು.

ನಾನು ಹೇಳುತ್ತಿರುವುದು 2015ರಲ್ಲಿ ಹೆಸರಾದ ಮಿಶ್ರಣದ ಬಗ್ಗೆ: ಮೆಗ್ನೀಸಿಯಂ, ಕೋಬಾಲ್ಟ್, ನಿಕಲ್, ಕಾಪರ್, ಜಿಂಕ್ ಆಕ್ಸೈಡ್‌ಗಳು, ಐದೂ ಸಮಪಾಲು. ಸಮಪಾಲು ಅಂದರೆ ಮೋಲ್ ಲೆಕ್ಕ (ಕಣಗಳ ಸಂಖ್ಯೆಯ ಲೆಕ್ಕ), ಗ್ರಾಂ ಅಲ್ಲ! ತಲಾ 2 ಗ್ರಾಂ ಹಾಕಿದರೆ ಮೆಗ್ನೀಸಿಯಂ 20ರ ಬದಲು ಸುಮಾರು 32 ಶೇಕಡಾ ಆಗಿಬಿಡುತ್ತದೆ. 10 ಗ್ರಾಂ ಪುಡಿಗೆ ಮೆಗ್ನೀಸಿಯಂ ಆಕ್ಸೈಡ್ 1.15, ಕೋಬಾಲ್ಟ್ 2.14, ನಿಕಲ್ 2.13, ಕಾಪರ್ 2.27, ಜಿಂಕ್ 2.32 ಗ್ರಾಂ ಬೇಕು. ಮೆಗ್ನೀಸಿಯಂ ಆಕ್ಸೈಡ್ ಗಾಳಿಯ ತೇವ ಹೀರುತ್ತದೆ, ಅದರಲ್ಲೂ ನಮ್ಮ ಜುಲೈ ಜಿಟಿಜಿಟಿ ಮಳೆಯಲ್ಲಿ ಜಾಸ್ತಿ. ಅದನ್ನು ಮೊದಲು 900 ಡಿಗ್ರಿಗೆ ಕಾಯಿಸಿ, ಡೆಸಿಕೇಟರ್‌ನಲ್ಲಿ (ಒಳಗೆ ತೇವವಿಲ್ಲದ ಮುಚ್ಚಿದ ಪಾತ್ರೆ) ಆರಿಸಿ, ಆಮೇಲೆ ತೂಗಿ.

ಮಾಸ್ಕ್ ಹಾಕಿಕೊಂಡೇ ಅರೆಯಿರಿ, ನಿಕಲ್ ಮತ್ತು ಕೋಬಾಲ್ಟ್ ಪುಡಿ ಎದೆಗೆ ಹೋಗಬಾರದು. ಗಿರ್ಮಿಟ್ ಕಲಸಿದ ಹಾಗೆ ಕಲಸಿದರೆ ಸಾಲದು, ಅಲ್ಲಿ ಉಳ್ಳಾಗಡ್ಡಿ ಉಳ್ಳಾಗಡ್ಡಿಯಾಗಿಯೇ ಇರುತ್ತದೆ ಅಲ್ವಾ? ಎಲ್ಲೂ ಬಿಳಿ ಚುಕ್ಕೆ ಕಾಣದಂತೆ ಅರೆದು, ತೆಳ್ಳಗಿನ ಬಿಲ್ಲೆ ಒತ್ತಿ, 1000 ಡಿಗ್ರಿಯಲ್ಲಿ 12 ಗಂಟೆ ಇಡಿ.

ಇನ್ನು ಅಸಲಿ ವಿಷಯ. ಮೆಗ್ನೀಸಿಯಂ, ಕೋಬಾಲ್ಟ್, ನಿಕಲ್ ಆಕ್ಸೈಡ್‌ಗಳದ್ದು ಉಪ್ಪಿನ ಹರಳಿನಂಥ ರಚನೆ. ಕಾಪರ್ ಮತ್ತು ಜಿಂಕ್ ಆಕ್ಸೈಡ್‌ಗಳದ್ದು ಬೇರೆ ಬೇರೆ ರಚನೆ, ಇವುಗಳ ಜೊತೆ ಕೂಡಲು ಅವಕ್ಕೆ ಮನಸ್ಸಿಲ್ಲ. ಆದರೆ ಐದು ಲೋಹಗಳು ಅಡ್ಡಾದಿಡ್ಡಿ ಕೂತಾಗ ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆಯ ಅಳತೆ, ಮೋಲ್‌ಗೆ 13.4 ಜೂಲ್‌ನಷ್ಟು ಏರುತ್ತದೆ, ಅದೂ ಪ್ರತಿ ಕೆಲ್ವಿನ್‌ಗೆ, ಹಾಗಾಗಿ ಬಿಸಿ ಏರಿದಷ್ಟೂ ಇದರ ಕೈ ಮೇಲಾಗಿ ಸುಮಾರು 875 ಡಿಗ್ರಿ ದಾಟಿದ ಮೇಲೆ ಐದೂ ಒಂದೇ ಹರಳಿಗೆ ಬಂದು ಸೇರುತ್ತವೆ. ನಿಧಾನಕ್ಕೆ ಆರಿಸಿದರೆ ದಾರಿಯಲ್ಲೇ ಕಾಪರ್ ಹೊರಗೆ ಬರುತ್ತದೆ. ಅದಕ್ಕೇ ಬಿಸಿ ಬಿಲ್ಲೆಯನ್ನು ಉದ್ದನೆಯ ಇಕ್ಕಳದಲ್ಲಿ ತೆಗೆದು ದಪ್ಪ ಲೋಹದ ತಟ್ಟೆಯ ಮೇಲೆ ಇಡಿ. ಕ್ರೂಸಿಬಲ್ (ಬಿಲ್ಲೆ ಇಟ್ಟು ಕಾಯಿಸುವ ಮೂಸೆ) ಸಮೇತ ಇಡಬೇಡಿ, ಅದು ಬಿಸಿ ಹಿಡಿದುಕೊಳ್ಳುತ್ತದೆ. ಕೈಗವಸು, ಮುಖಕ್ಕೆ ಶೀಲ್ಡ್ ಇರಲೇಬೇಕು.

ಎಕ್ಸ್‌ಆರ್‌ಡಿಯಲ್ಲಿ (ಯಂತ್ರದಲ್ಲಿ ಕಾಪರ್ ಎಕ್ಸ್-ರೇ ಟ್ಯೂಬ್ ಇದ್ದರೆ) 37, 43, 62 ಡಿಗ್ರಿ ಕೋನದ ಆಸುಪಾಸು ಪೀಕ್ ಕಂಡರೆ ಗೆದ್ದಿರಿ. 35.5 ಮತ್ತು 38.7ರಲ್ಲಿ ಸಣ್ಣದು ತಲೆ ಎತ್ತಿದ್ದರೆ ಅದು ಕಾಪರ್ ಆಕ್ಸೈಡ್. ಬಿಲ್ಲೆ ಬಿಸಾಡಬೇಡಿ. ಮತ್ತೆ 1000ಕ್ಕೆ ಏರಿಸಿ ಬಿಸಿ ಇರುವಾಗಲೇ ಹೊರತೆಗೆದರೆ ಅದು ಹೋಗುತ್ತದೆ, 750ರಲ್ಲಿ ಬಹಳ ಹೊತ್ತು ಇಟ್ಟರೆ ಮರಳಿ ಬರುತ್ತದೆ. ಈ ಹೋಗಿಬರುವ ಆಟವನ್ನು ಒಮ್ಮೆ ಬೇಕಂತಲೇ ಮಾಡಿ ನೋಡಿ, ವೈವಾದಲ್ಲಿ ಕೇಳುವುದೇ ಅದನ್ನು.

ನಡುವೆ ಕರೆಂಟ್ ಹೋದರೆ ಅದೂ ನಿಧಾನಕ್ಕೆ ಆರಿಸಿದ ಲೆಕ್ಕವೇ. ಸುಮ್ನೆ ಹೊರಗೆ ತೆಗೆಯಬೇಡಿ, ಕರೆಂಟ್ ಬಂದ ಮೇಲೆ ಮತ್ತೆ 1000ಕ್ಕೆ ಏರಿಸಿ ಎರಡು ಗಂಟೆಯಾದರೂ ಇಟ್ಟು ಆಮೇಲೆ ತೆಗೆಯಿರಿ.