ಅಟ್ಟದ ಮೇಲಿನ ಕ್ಯಾಸೆಟ್ ವಿಡಿಯೋ ಗೇಮ್ ಮತ್ತೆ ಚಾಲೂ ಮಾಡುವುದು ಹೇಗೆ

ಗಣಪತಿ ಹಬ್ಬಕ್ಕೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಅಟ್ಟದಿಂದ ಹಳೇ ಕ್ಯಾಸೆಟ್ ವಿಡಿಯೋ ಗೇಮ್ ಕೆಳಗಿಳಿಯುತ್ತದೆ. ಟಿವಿಗೆ ಹಚ್ಚಿ ನೋಡುತ್ತಾರೆ. ಚಿತ್ರ ಬರಲಿಲ್ಲ ಅಂದರೆ ಸೀದಾ ಗುಜರಿಗೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಕೆಲಸ ಮುಗಿದ ಮೇಲೆ ಸಣ್ಣಪುಟ್ಟ ಆಪ್ ಬರೆಯುವವನು, ಹಳೇ ಗ್ಯಾಜೆಟ್ ಬಿಚ್ಚಿ ನೋಡುವುದು ನನಗೆ ಭಾರೀ ಇಷ್ಟ, ಹಾಗಾಗಿ ಗೆಳೆಯರು, ನೆಂಟರು ಇಂಥ ಸೆಟ್ ಸಿಕ್ಕರೆ ನನ್ನ ಕಡೆ ತಂದುಕೊಡುತ್ತಾರೆ. ನಾನು ನೋಡಿದ ಮಟ್ಟಿಗೆ ಒಳಗಿನ ಚಿಪ್ ಸತ್ತಿರುವುದು ಬಹಳ ಅಪರೂಪ. ಕೆಟ್ಟಿರುವುದು ಅಡಾಪ್ಟರ್, ಕ್ಯಾಸೆಟ್ ಕೂರುವ ಸ್ಲಾಟ್, ಇಲ್ಲಾ ಪ್ಯಾಡ್‌ನ, ಅಂದರೆ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಡಬ್ಬಿಯ ವೈರ್. ಈ ಕ್ರಮದಲ್ಲೇ ನೋಡುತ್ತಾ ಹೋಗಿ. ಕ್ರಮ ತಪ್ಪಿಸಿದರೆ ಕರೆಂಟ್ ಸರಿ ಇಲ್ಲದ ಸೆಟ್‌ನ ಸ್ಲಾಟ್ ಅನ್ನು ದಿನವಿಡೀ ಉಜ್ಜುತ್ತಾ ಕೂರಬೇಕಾಗುತ್ತದೆ.

ಮೊದಲು ಈ ಸೆಟ್ ಏನು ಅಂತ ಗೊತ್ತಿರಲಿ. 90ರ ದಶಕದಲ್ಲಿ ನಮ್ಮ ಕಡೆ ಮಾರಾಟವಾದವುಗಳಲ್ಲಿ ಹೆಚ್ಚಿನವು ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನ್‌ನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲುಗಳು. 8 ಬಿಟ್ ಯಂತ್ರ. ಸಿಪಿಯು 6502 ಎಂಬ ಹಳೇ ಚಿಪ್‌ನ ವಂಶದ್ದು, ವೇಗ ಸುಮಾರು 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಮೊದಲ ಸೂಪರ್ ಮಾರಿಯೋ ಆಟ ಪೂರ್ತಿ 40 ಕಿಲೋಬೈಟ್‌ನಲ್ಲಿ ಕೂತಿದೆ. ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಫೋಟೋ ಕೂಡ ಅದಕ್ಕಿಂತ ದೊಡ್ಡದಿರುತ್ತದೆ. ಕೋಡ್ ಬರೆಯುವವರಿಗೆ ಇದರಲ್ಲಿ ಕಲಿಯೋಕೆ ತುಂಬಾ ಇದೆ.

ಸಾಮಾನು ಜಾಸ್ತಿ ಬೇಡ. ಸ್ಟಾರ್ ಸ್ಕ್ರೂಡ್ರೈವರ್, ಸಾದಾ ಮಲ್ಟಿಮೀಟರ್, ಹತ್ತಿ ಕಡ್ಡಿ, ಬಿಳಿ ರಬ್ಬರ್, ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಾಟಲಿ, ಒಂದು 25 ವ್ಯಾಟ್‌ನ ಸೋಲ್ಡರಿಂಗ್ ಐರನ್. ಇಷ್ಟೇ. ಐಪಿಎ ಬೇಗ ಹೊತ್ತಿಕೊಳ್ಳುತ್ತದೆ, ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಅದನ್ನು ತೆಗೆಯಬೇಡಿ.

ಅಡಾಪ್ಟರ್

ಹೆಚ್ಚಿನ ಸೆಟ್‌ಗಳಿಗೆ 9 ವೋಲ್ಟ್ ಡಿಸಿ ಬೇಕು. ಹಳೇ ಅಡಾಪ್ಟರ್ ಎತ್ತಿ ನೋಡಿ, ಭಾರ ಇದ್ದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಅದಕ್ಕೆ ಏನೂ ಹಚ್ಚದೆ ಅಳೆದರೆ ಮೀಟರ್ 12, 13 ವೋಲ್ಟ್ ತೋರಿಸಬಹುದು. ಗಾಬರಿ ಬೇಡ, ಲೋಡ್ ಬಿದ್ದಾಗ ಅದು 9ರ ಹತ್ತಿರ ಇಳಿಯುತ್ತದೆ. ಏನೂ ತೋರಿಸಲಿಲ್ಲ ಅಂದರೆ ಅಡಾಪ್ಟರ್ ಹೋಗಿದೆ. ಅದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಒಂದು ಕಡೆ ಗೋಡೆಯ 230 ವೋಲ್ಟ್ ಇದೆ. ಹೊಸದೇ ತನ್ನಿ, 9 ವೋಲ್ಟ್ 1 ಆಂಪ್ ಸಾಕು.

ಜನ ಸೆಟ್ ಸುಡುವುದು ಇಲ್ಲೇ. ಹಳೇ ವೈಫೈ ರೌಟರ್‌ನ 9 ವೋಲ್ಟ್ ಅಡಾಪ್ಟರ್ ಮನೆಯಲ್ಲಿ ಬಿದ್ದಿರುತ್ತದೆ, ಪಿನ್ ಕೂಡ ಸರಿಯಾಗಿ ಕೂರುತ್ತದೆ, ಚುಚ್ಚಿಬಿಡುತ್ತಾರೆ. ರೌಟರ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವಿನ ತೂತು ಪಾಸಿಟಿವ್. ಮೂಲ ಫ್ಯಾಮಿಕಾಮ್‌ನಲ್ಲಿ ನಡುವಿನದು ನೆಗೆಟಿವ್, ಎಷ್ಟೋ ನಕಲು ಸೆಟ್‌ಗಳೂ ಹಾಗೇ. ಆದ್ದರಿಂದ ಸೆಟ್‌ನ ಕೆಳಗೆ ಅಚ್ಚಾದ ಗುರುತು ನೋಡಿ: ಅರ್ಧ ಚಂದ್ರದಂಥ ಗೆರೆ, ನಡುವೆ ಒಂದು ಚುಕ್ಕೆ, ಚುಕ್ಕೆಗೆ ಸೇರಿದ್ದು ಪ್ಲಸ್ಸೋ ಮೈನಸ್ಸೋ. ಆಮೇಲೆ ಮೀಟರ್‌ನ ಕೆಂಪು ಕಡ್ಡಿಯನ್ನು ಅಡಾಪ್ಟರ್ ಪಿನ್‌ನ ನಡುವೆ, ಕಪ್ಪು ಕಡ್ಡಿಯನ್ನು ಹೊರಮೈಗೆ ಹಿಡಿಯಿರಿ. ಅಂಕಿಯ ಮುಂದೆ ಮೈನಸ್ ಬಂದರೆ ನಡುವಿನದು ನೆಗೆಟಿವ್. ಎರಡೂ ಹೊಂದಿದರೆ ಮಾತ್ರ ಚುಚ್ಚಿ. ಹೊಂದದಿದ್ದರೆ ಪಿನ್ ಕಡೆಯ ವೈರ್ ಕತ್ತರಿಸಿ, ಎರಡು ಎಳೆ ಅದಲುಬದಲು ಮಾಡಿ ಜೋಡಿಸಿ, ಟೇಪ್ ಸುತ್ತಿ, ಅಡಾಪ್ಟರ್ ಮೇಲೆ ದೊಡ್ಡದಾಗಿ ಬರೆದಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನು ತಿರುಗಿ ರೌಟರ್‌ಗೆ ಹಾಕುತ್ತಾರೆ.

ಇಷ್ಟಾದರೂ ಜೀವ ಬರಲಿಲ್ಲವೇ? ಪಿನ್ ತೆಗೆದು ಸೆಟ್ ಬಿಚ್ಚಿ. ಸ್ಕ್ರೂ ಕೆಲವು ಸಲ ಕೆಳಗಿನ ರಬ್ಬರ್ ಕಾಲಿನ ಅಡಿ ಅಡಗಿರುತ್ತವೆ. ಯಾವುದೇ ವೈರ್ ಮುಟ್ಟುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಒಳಗೆ ಮೂರು ಕಾಲಿನ 7805 ಎಂಬ ರೆಗ್ಯುಲೇಟರ್ ಕಾಣುತ್ತದೆ, ಹೆಚ್ಚಾಗಿ ಅದರ ಬೆನ್ನಿಗೆ ತಗಡಿನ ತುಂಡು ಹಚ್ಚಿರುತ್ತಾರೆ. ಅಕ್ಷರ ನಿಮ್ಮ ಕಡೆ ಇದ್ದಾಗ ಎಡಗಾಲು ಒಳಬರುವ ಕರೆಂಟ್, ನಡುವಿನದು ಗ್ರೌಂಡ್, ಬಲಗಾಲು 5 ವೋಲ್ಟ್. ಸೆಟ್ ಚಾಲೂ ಮಾಡಿ ನಡು ಮತ್ತು ಬಲಗಾಲಿನ ಮಧ್ಯೆ ಅಳೆಯಿರಿ. 4.75ರಿಂದ 5.25ರ ಒಳಗೆ ಬಂದರೆ ಚೆನ್ನಾಗಿದೆ. ಎಡಗಾಲಿಗೆ 9 ಬಂದು ಬಲಗಾಲಿನಲ್ಲಿ ಏನೂ ಇಲ್ಲ ಅಂದರೆ ಹೆಚ್ಚಾಗಿ 7805 ಹೋಗಿದೆ, ಕಡಿಮೆ ಬೆಲೆಯ ಪಾರ್ಟ್, ಬದಲಿಸಿ. ಅದು ಬಿಸಿಯಾಗುವುದು ಸಹಜ, 9ರಿಂದ 5ಕ್ಕೆ ಇಳಿಸುವಾಗ ಉಳಿದ 4 ವೋಲ್ಟ್ ಶಾಖವಾಗಿಯೇ ಹೋಗಬೇಕು. ಹಾಗಂತ 12 ವೋಲ್ಟ್ ಅಡಾಪ್ಟರ್ ಹಾಕಬೇಡಿ, ಶಾಖ ಸುಮ್ನೆ ಹೆಚ್ಚಾಗುತ್ತದೆ.

ಪಕ್ಕದಲ್ಲೇ ಡಬ್ಬಿಯಂಥ ಕೆಪಾಸಿಟರ್ ಇರುತ್ತದೆ. ಅದರ ತಲೆ ಉಬ್ಬಿದ್ದರೆ, ಬುಡದಲ್ಲಿ ಅಂಟು ಸೋರಿದ್ದರೆ, ಅಥವಾ ಟಿವಿಯಲ್ಲಿ ಅಡ್ಡ ಪಟ್ಟಿ ಮೇಲೆ ಕೆಳಗೆ ಓಡುತ್ತಿದ್ದರೆ ಅದನ್ನು ತೆಗೆದು ಅಷ್ಟೇ ಮೈಕ್ರೋಫ್ಯಾರಡ್‌ನದು ಹಾಕಿ. ವೋಲ್ಟ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಮೈಮೇಲಿನ ಪಟ್ಟಿ ಇರುವ ಕಡೆ ನೆಗೆಟಿವ್.

ಸ್ಲಾಟ್ ಮತ್ತು ಕ್ಯಾಸೆಟ್

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ, ಇನ್ನು ಅಟ್ಟದ ಮೇಲಿನ ತಾಮ್ರದ ಪಿನ್ ಒಣಗಿರುತ್ತದಾ? ಪಿನ್ ಮೇಲೆ ಕಪ್ಪು ಪದರ ಕೂರುತ್ತದೆ, ಸಂಪರ್ಕ ತಪ್ಪುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ಹಾಕುತ್ತಿದ್ದೆವು ಅಲ್ವಾ, ಆಟ ಚಾಲೂ ಆಗುತ್ತಿತ್ತು ಕೂಡ. ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಹಾಕಿದ್ದು. ಪಿನ್ ಮೇಲೆ ಪಿನ್ ಉಜ್ಜಿ ಪದರ ಸ್ವಲ್ಪ ಕೆರೆದುಹೋಗುತ್ತಿತ್ತು. ಉಸಿರಿನ ತೇವ ಮಾತ್ರ ಒಳಗೇ ಉಳಿದು ಪಿನ್ ಇನ್ನಷ್ಟು ಕೆಡುತ್ತದೆ. ಮಕ್ಕಳಿಗೂ ಹೇಳಿ, ಊದುವುದು ಬೇಡ.

ಕ್ಯಾಸೆಟ್‌ನ ಪಿನ್‌ಗಳನ್ನು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಹತ್ತಿ ಕಡ್ಡಿಗೆ ಐಪಿಎ ಅದ್ದಿ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸುತ್ತಲೇ ಇರಿ. ಮರಳು ಕಾಗದ ಮಾತ್ರ ಬೇಡವೇ ಬೇಡ, ಪಿನ್ ಮೇಲಿನ ತೆಳು ಲೇಪನ ಕಿತ್ತುಹೋದರೆ ಮುಂದಿನ ಮಳೆಗಾಲಕ್ಕೇ ಮತ್ತೆ ಕಪ್ಪಾಗುತ್ತದೆ. ಸ್ಲಾಟ್ ಒಳಗೆ ಹತ್ತಿ ಕಡ್ಡಿ ಹೋಗುವುದಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡ್‌ಗೆ ತೆಳು ಹತ್ತಿ ಬಟ್ಟೆ ಸುತ್ತಿ, ಐಪಿಎ ತಾಗಿಸಿ, ನೇರವಾಗಿ ಒಳಗೆ ಹೊರಗೆ ಮಾಡಿ. ಪಿನ್ ಒಂದು ಸಾಲಿಗೆ 30ರಂತೆ ಒಟ್ಟು 60 ಇವೆ. ಟಾರ್ಚ್ ಬಿಟ್ಟು ನೋಡಿ, ಯಾವುದಾದರೂ ಒಳಗೆ ಒತ್ತಿಕೊಂಡಿದ್ದರೆ ಸೂಜಿಯಿಂದ ಬಹಳ ನಿಧಾನ ಎತ್ತಿ. ಒಣಗಲು ಹತ್ತು ನಿಮಿಷ ಬಿಟ್ಟು ಆಮೇಲೆ ಕರೆಂಟ್ ಕೊಡಿ.

ಈಗ ನನಗೆ ಅತಿ ಇಷ್ಟವಾದ ಭಾಗ. ತೊಂದರೆ ಎಲ್ಲಿದೆ ಅಂತ ಟಿವಿ ಪರದೆಯೇ ಹೇಳುತ್ತದೆ. ಮಾಮೂಲಿ ಆಟಗಳ ಕ್ಯಾಸೆಟ್ ಒಳಗೆ ಎರಡು ಬೇರೆ ಬೇರೆ ಮೆಮೊರಿ ಇರುತ್ತವೆ. ಒಂದರಲ್ಲಿ ಪ್ರೋಗ್ರಾಂ, ಅದನ್ನು ಸಿಪಿಯು ಓದುತ್ತದೆ. ಇನ್ನೊಂದರಲ್ಲಿ ಚಿತ್ರದ ಚೂರುಗಳು, 8 ಪಿಕ್ಸೆಲ್ ಅಗಲ 8 ಪಿಕ್ಸೆಲ್ ಎತ್ತರದವು, ಅದನ್ನು ಚಿತ್ರದ ಚಿಪ್ ನೇರವಾಗಿ ಓದುತ್ತದೆ. ಎರಡಕ್ಕೂ ಪಿನ್‌ಗಳು ಬೇರೆ ಬೇರೆ. ಹಾಗಾಗಿ ಸಂಗೀತ ಸರಿಯಾಗಿ ಬರುತ್ತಿದೆ, ಗುಂಡಿ ಒತ್ತಿದರೆ ಜಿಗಿಯುವ ಸದ್ದು ಬರುತ್ತಿದೆ, ಆದರೆ ಮಾರಿಯೋ ಇರಬೇಕಾದ ಕಡೆ ಗೆರೆ ಚೂರು ಕಾಣುತ್ತಿದೆ ಅಂದರೆ ಪ್ರೋಗ್ರಾಂ ಕಡೆ ಚೆನ್ನಾಗಿದೆ, ಚಿತ್ರದ ಕಡೆಯ ಯಾವುದೋ ಪಿನ್ ತಪ್ಪಿದೆ. ಬರೀ ಒಂದೇ ಬಣ್ಣದ ಪರದೆ, ಸದ್ದೇ ಇಲ್ಲ ಅಂದರೆ ಪ್ರೋಗ್ರಾಂ ಕಡೆಯದು. ಒಂದೇ ಕ್ಯಾಸೆಟ್ ಹೀಗೆ ಮಾಡಿದರೆ ಆ ಕ್ಯಾಸೆಟ್‌ನ ಪಿನ್ ಮತ್ತೆ ಒರೆಸಿ, ಎಲ್ಲ ಕ್ಯಾಸೆಟ್‌ಗಳೂ ಹೀಗೇ ಮಾಡಿದರೆ ಸ್ಲಾಟ್‌ನದು. ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವ ರೀತಿಯೇ ಇಲ್ಲೂ ನಡೆಯುತ್ತದೆ, ಅದಕ್ಕೇ ಈ ಕೆಲಸ ಹಿಡಿದರೆ ನನಗೆ ಊಟದ ನೆನಪಾಗುವುದಿಲ್ಲ.

ಟಿವಿಗೆ ಹಚ್ಚುವುದು

ಸೆಟ್‌ನಲ್ಲಿ ಹಳದಿ, ಬಿಳಿ ತೂತು ಇದ್ದರೆ ಅದನ್ನೇ ಬಳಸಿ. ಆಂಟೆನಾ ವೈರ್‌ಗಿಂತ ಚಿತ್ರ ಎಷ್ಟೋ ಸ್ವಚ್ಛ. ಹೊಸ ಟಿವಿಗಳಲ್ಲಿ ಮೂರು ಬಣ್ಣದ ತೂತು ಇಲ್ಲದಿದ್ದರೂ ಹಿಂದೆ ಹೆಡ್‌ಫೋನ್ ತೂತಿನಂಥ ಒಂದು ಎವಿ ಇನ್ ಇರಬಹುದು, ನೋಡಿ. ಅದೂ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ತನ್ನಿ. ಇದರ ಉಲ್ಟಾ, ಅಂದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿಯೂ ನೋಡಲು ಹಾಗೇ ಇರುತ್ತದೆ. ಅಂಗಡಿಯಲ್ಲೇ ಬಾಣದ ಗುರುತು ನೋಡಿ ತೆಗೆದುಕೊಳ್ಳಿ.

ಚಿತ್ರ ಕಪ್ಪು ಬಿಳುಪು ಬಂದರೆ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಂ ಆಟೋ ಬಿಟ್ಟು ಪಾಲ್ (ನಮ್ಮ ದೇಶದ ಟಿವಿ ಪದ್ಧತಿ), ಆಮೇಲೆ ಎನ್‌ಟಿಎಸ್‌ಸಿ (ಜಪಾನ್‌ನದು) ಮಾಡಿ ನೋಡಿ. ಗುಂಡಿ ಒತ್ತಿದ ಮೇಲೆ ಜಿಗಿತ ತಡವಾದರೆ ಗೇಮ್ ಮೋಡ್ ಹಾಕಿ. ಮಾರಿಯೋ ಡುಮ್ಮಗೆ ಕಂಡರೆ ಅಳತೆ 4:3 ಮಾಡಿ.

ಇನ್ನು ಬಾತುಕೋಳಿ ಹೊಡೆಯುವ ಆಟಕ್ಕೆ ಬಳಸುವ ಪ್ಲಾಸ್ಟಿಕ್ ಬಂದೂಕಿನ ವಿಷಯ. ನನ್ನ ಅಣ್ಣನ ಮಗ ಮೊನ್ನೆ "ಕಾಕಾ, ಬಾತುಕೋಳಿಗೆ ಗುಂಡು ಯಾಕ ಹತ್ತವಲ್ದು?" ಅಂತ ಕೇಳಿದ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಬೆಳಕನ್ನು ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ ಹಕ್ಕಿ ಇದ್ದ ಜಾಗ ಮಾತ್ರ ಬಿಳಿಯಾಗುತ್ತದೆ, ಆ ಹೊತ್ತಿಗೆ ಬಂದೂಕಿಗೆ ಬೆಳಕು ಕಂಡರೆ ಗುಂಡು ತಾಗಿದ ಲೆಕ್ಕ. ಇದೆಲ್ಲ ಹಳೇ ಡಬ್ಬಾ ಟಿವಿಯ ವೇಗಕ್ಕೆ, ಅದರ ಮಿನುಗಿಗೆ ಮಾಡಿದ್ದು. ಎಲ್‌ಸಿಡಿಯಲ್ಲಿ ಚಿತ್ರ ತಡವಾಗಿ ಬರುತ್ತದೆ, ಆ ಮಿನುಗೂ ಇಲ್ಲ. ಬಂದೂಕು ಬೇಕೇ ಬೇಕು ಅಂದರೆ ಯಾರದಾದರೂ ಮನೆಯ ಡಬ್ಬಾ ಟಿವಿ ಹುಡುಕಿ. ಆದರೆ ಅದರ ಹಿಂಬದಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಇನ್ನೊಂದು ಮಾತು. ಮೊಬೈಲ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಹಳೇ ಸೆಟ್‌ನಂತೆಯೇ ನಡೆಯುವ ಸಾಫ್ಟ್‌ವೇರ್) ಹಾಕಿ ಅದೇ ಆಟ ಆಡಿದವರು ಆಟ ಯಾಕೋ ಜೋರಾಗಿ ಓಡುತ್ತಿದೆ ಅನ್ನುತ್ತಾರೆ. ಅವರಿಗೆ ಅನಿಸಿದ್ದು ನಿಜ. ಎಮ್ಯುಲೇಟರ್ ಸಾಮಾನ್ಯವಾಗಿ ಅನುಸರಿಸುವ ಜಪಾನ್‌ನ ಯಂತ್ರ ಸೆಕೆಂಡಿಗೆ 60 ಚಿತ್ರ ಹಾಕುತ್ತದೆ, ನಮ್ಮ ಕಡೆಯ ಪಾಲ್ ಸೆಟ್ 50 ಹಾಕುತ್ತದೆ, ಹಾಗಾಗಿ ಪಾಲ್ ಸೆಟ್‌ನಲ್ಲಿ ಅದೇ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ನಡೆಯುತ್ತದೆ. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್‌ಗಳೆರಡರಲ್ಲೂ ರೀಜನ್ ಅನ್ನುವ ಕಡೆ ಡೆಂಡಿ ಎಂಬ ಆಯ್ಕೆ ಇದೆ. ಡೆಂಡಿ ಅಂದರೆ ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲು ಸೆಟ್. ಅದನ್ನು ಹಾಕಿ ನೋಡಿ, ಕೈಗೆ ರೂಢಿಯಾದ ಆ ಹಳೇ ವೇಗ ವಾಪಸ್ ಬರುತ್ತದೆ.

ಪ್ಯಾಡ್

ಗುಂಡಿ ಒತ್ತಿದರೆ ಕೆಲಸ ಮಾಡದಿದ್ದರೆ ಪ್ಯಾಡ್ ಬಿಚ್ಚಿ, ಬೋರ್ಡ್ ಮೇಲಿನ ಜಿಡ್ಡನ್ನು ಐಪಿಎಯಿಂದ ಒರೆಸಿ. ರಬ್ಬರ್ ಅಡಿಯ ಕಪ್ಪು ಗುಂಡು ಕಾರ್ಬನ್, ಅದನ್ನು ಜೋರಾಗಿ ಉಜ್ಜಿದರೆ ಕಳಚುತ್ತದೆ, ಒಣ ಬಟ್ಟೆ ಸಾಕು. ಎಲ್ಲ ಗುಂಡಿಗಳೂ ಒಟ್ಟಿಗೆ ಕೈಕೊಟ್ಟರೆ ವೈರ್ ತುಂಡಾಗಿದೆ ಅಂತಲೇ ತಿಳಿಯಿರಿ. ಹೆಚ್ಚಾಗಿ ಪ್ಯಾಡ್‌ನಿಂದ ಹೊರಬೀಳುವ ಕಡೆಯೇ ತುಂಡಾಗುತ್ತದೆ. ಮೀಟರ್ ಅನ್ನು ಬೀಪ್‌ಗೆ ಇಟ್ಟು ಒಂದೊಂದೇ ವೈರ್ ನೋಡಿ, ಕೆಟ್ಟ ಎರಡು ಇಂಚು ಕತ್ತರಿಸಿ ಮತ್ತೆ ಬೆಸೆಯಿರಿ.

ಸೆಟ್ ನಿಜಕ್ಕೂ ಸತ್ತಿದ್ದರೂ ಪ್ಯಾಡ್ ಎಸೆಯಬೇಡಿ, ಅದನ್ನು ಕಂಪ್ಯೂಟರ್‌ಗೆ ಹಚ್ಚಬಹುದು. ಅದಕ್ಕೆ ಬೇಕಿರುವುದು 5 ವೋಲ್ಟ್‌ನ ಆರ್ಡುಯಿನೊ ಪ್ರೊ ಮೈಕ್ರೊ ಎಂಬ, ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಬೋರ್ಡ್, ಅದು ಯುಎಸ್‌ಬಿಯಲ್ಲಿ ತಾನೇ ಕೀಬೋರ್ಡ್ ಆಗಬಲ್ಲದು. ಪ್ಯಾಡ್‌ನಲ್ಲಿ ಕೆಲಸಕ್ಕೆ ಬರುವ ವೈರ್ ಐದು: 5 ವೋಲ್ಟ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ. ಲ್ಯಾಚ್ ಅನ್ನು ಒಂದು ಕ್ಷಣ ಹೈ ಮಾಡಿ ಲೋ ಮಾಡಿದರೆ ಪ್ಯಾಡ್ ಆ ಕ್ಷಣದ ಎಂಟೂ ಗುಂಡಿಗಳ ಸ್ಥಿತಿ ಹಿಡಿದಿಟ್ಟುಕೊಳ್ಳುತ್ತದೆ. ಆಗ ಡೇಟಾ ಓದಿದರೆ ಎ ಗುಂಡಿ. ಆಮೇಲೆ ಕ್ಲಾಕ್ ಒಮ್ಮೆ ತಟ್ಟಿ ಓದಿದರೆ ಬಿ, ಹಾಗೇ ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒತ್ತಿದ ಗುಂಡಿಗೆ 0 ಬರುತ್ತದೆ, ಒತ್ತದಿದ್ದರೆ 1. ಅದಕ್ಕೆ ತಕ್ಕ ಕೀ ಕಳಿಸಿದರೆ ಎಮ್ಯುಲೇಟರ್‌ಗೆ ಅದು ಕೀಬೋರ್ಡ್ ಅಂತಲೇ ಕಾಣುತ್ತದೆ. ಲೂಪ್ ಒಳಗೆ ಇಷ್ಟನ್ನು ಬರೆಯಲು ಒಂದು ಪುಟವೂ ಬೇಡ, ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವ ಹುಡುಗರಿಗೆ ಮೊದಲ ಪ್ರಾಜೆಕ್ಟ್ ಆಗಿ ಇದನ್ನೇ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ವೈರ್‌ನ ಬಣ್ಣ ನಂಬಬೇಡಿ, ಒಂದೊಂದು ನಕಲು ಸೆಟ್‌ನಲ್ಲಿ ಒಂದೊಂದು ಥರ. ಪ್ಯಾಡ್ ಅನ್ನು ಸೆಟ್‌ಗೆ ಹಚ್ಚಿ, ಸೆಟ್‌ಗೆ ಕರೆಂಟ್ ಕೊಡದೆ, 7805ರ ನಡುಗಾಲಿಗೆ ಬೀಪ್ ಆಗುವ ವೈರ್ ಗ್ರೌಂಡ್, ಬಲಗಾಲಿಗೆ ಬೀಪ್ ಆಗುವುದು 5 ವೋಲ್ಟ್. ಉಳಿದ ಮೂರನ್ನು ಜೋಡಿಸುವ ಸಾಧ್ಯತೆ ಬರೀ ಆರು. ಆರ್ಡುಯಿನೊದ ಮೂರೂ ಪಿನ್‌ಗಳಿಗೆ ನಡುವೆ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ತಪ್ಪು ಜೋಡಣೆ ಆದರೂ ಏನೂ ಸುಡುವುದಿಲ್ಲ. ಒಂದಾದ ಮೇಲೊಂದು ಜೋಡಿಸಿ, ಎ ಒತ್ತಿದಾಗ ಮೊದಲ ಬಿಟ್ ಮಾತ್ರ 0 ಆಗುವ ಜೋಡಣೆ ಸಿಕ್ಕರೆ ಅದೇ ಸರಿ. ಬಣ್ಣಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ಯಾಡ್ ಒಳಗೇ ಅಂಟಿಸಿ ಸ್ಕ್ರೂ ಹಾಕಿ.