ನಾಯಿಗೆ ಗಾಡಿ ಬಡಿದರೆ ಮೊದಲು ಏನು ಮಾಡಬೇಕು

ದಾವಣಗೆರೆಯಲ್ಲಿ ನಾಯಿ, ಬೆಕ್ಕು ಸಾಕಿರುವವರು ದಯವಿಟ್ಟು ಓದಿ. ಪಿ.ಬಿ. ರಸ್ತೆ, ಹದಡಿ ರಸ್ತೆ ಕಡೆ ಮನೆ ಇದ್ದರೆ ಗೇಟ್ ತೆಗೆಯುವ ಮುಂಚೆ ನಾಯಿ ಎಲ್ಲಿದೆ ನೋಡಿಕೊಳ್ಳಿ. ಎಷ್ಟೇ ಮಾತು ಕೇಳುವ ನಾಯಿ ಆದರೂ ಬೆಲ್ಟ್ ಇಲ್ಲದೆ ವಾಕಿಂಗ್ ಬೇಡ.

ಗಾಡಿ ಬಡಿದರೆ ಗಾಬರಿಯಲ್ಲಿ ಎತ್ತಿ ತಬ್ಬಿಕೊಳ್ಳಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಹಲಗೆ ಅಥವಾ ದಪ್ಪ ಬೆಡ್‌ಶೀಟ್ ಮೇಲೆ ಮೆಲ್ಲಗೆ ಜಾರಿಸಿ, ಇಬ್ಬರು ಬಿಗಿಯಾಗಿ ಹಿಡಿದು ಸಾಗಿಸಿ. ನೋವಿಗೆ ನಿಮ್ಮನ್ನೇ ಕಚ್ಚಬಹುದು, ಬಾಯಿಗೆ ಬಟ್ಟೆ ಕಟ್ಟಿ. ವಾಂತಿ ಆಗುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಕಟ್ಟಲೇಬಾರದು. ರಕ್ತ ಬರುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಹಾಲು, ನೀರು ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು.

ನಾವು ನುಂಗುವ ನೋವಿನ ಗುಳಿಗೆ ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಹಾಳು ಮಾಡುತ್ತದೆ.

ಎದ್ದು ಓಡಾಡಿತು ಅಂತ ಸುಮ್ನೆ ಕೂರಬೇಡಿ. ನನಗೆ ಜಾಸ್ತಿ ಭಯ ಇರುವುದು ಇದಕ್ಕೇ. ಒಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಗೊತ್ತಾಗಲ್ಲ ಅಲ್ವಾ? ಅವತ್ತೇ ಡಾಕ್ಟರಿಗೆ ತೋರಿಸಿ. ವಸಡು ಬಿಳಿಚಿದ್ದರೆ, ಮೂತ್ರ ಮಾಡದಿದ್ದರೆ ಒಂದು ನಿಮಿಷವೂ ತಡಮಾಡಬೇಡಿ.

ಹತ್ತಿರದ ಪಶು ಆಸ್ಪತ್ರೆಯ ನಂಬರ್, ರಾತ್ರಿ ಸಿಗುವ ಡಾಕ್ಟರ ನಂಬರ್ ಇವತ್ತೇ ಸೇವ್ ಮಾಡಿಕೊಳ್ಳಿ. ಪಶು ಚಿಕಿತ್ಸೆಯ ಸಹಾಯವಾಣಿ 1962.