ಬಡಾವಣೆಯ ರಾಜ್ಯೋತ್ಸವ: ಒಂದು ಕೆಲಸಕ್ಕೆ ಒಂದೇ ಹೆಸರು

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ರಾಜ್ಯೋತ್ಸವ ನಡೆಯುತ್ತಿತ್ತು. ಸಂಜೆ ಏಳೂ ಹತ್ತಕ್ಕೆ ಕರೆಂಟ್ ಹೋಯಿತು. ವೇದಿಕೆ ಮೇಲೆ ಐದು ಮಂದಿ ಪುಟಾಣಿ ಒನಕೆ ಓಬವ್ವಂದಿರು ಕತ್ತಲಲ್ಲಿ ಒನಕೆ ಹಿಡಿದು ನಿಂತಿದ್ದರು. ಜನರೇಟರ್ ಇದೆಯಲ್ಲ ಅಂತ ಓಡಿದೆ. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಖಜಾಂಚಿ ಹಾಕಿಸಿರುತ್ತಾರೆ ಅಂತ ನಾನು ಸುಮ್ಮನಿದ್ದೆ. ಶಾಮಿಯಾನದವರು ತರುತ್ತಾರೆ ಅಂತ ಖಜಾಂಚಿ ಸುಮ್ಮನಿದ್ದರು. ಶಾಮಿಯಾನದವರು ನಮ್ಮಿಬ್ಬರ ಮುಖ ನೋಡಿದರು.

ಅವತ್ತಿನಿಂದ ನನ್ನದು ಒಂದೇ ನಿಯಮ. ಎಷ್ಟೇ ಸಣ್ಣ ಕೆಲಸವಾಗಲಿ, ಅದರ ಮುಂದೆ ಒಬ್ಬರ ಹೆಸರು ಬರೆಯಬೇಕು. ಇಬ್ಬರ ಹೆಸರಿದ್ದರೆ ಆ ಕೆಲಸ ಆಗಲ್ಲ ಅಂತಲೇ ತಿಳಿಯಿರಿ. ಮುನ್ನೂರು ಜನ ಸೇರುವ ಕಾರ್ಯಕ್ರಮಕ್ಕೆ ದೊಡ್ಡ ಪ್ರತಿಭೆ ಬೇಕಿಲ್ಲ. ಪಟ್ಟಿ ಬರೆಯಲು ಬರಬೇಕು, ಹತ್ತು ಸಲ ಫೋನ್ ಮಾಡಲು ಬೇಜಾರಾಗಬಾರದು. ಅಷ್ಟೇ.

ಮೊದಲು ದಿನ, ಆಮೇಲೆ ದುಡ್ಡು

ನವೆಂಬರ್ 1ಕ್ಕೇ ಮಾಡಬೇಕು ಅಂತ ಹಟ ಹಿಡಿಯಬೇಡಿ. ಅವತ್ತು ಬೆಳಗ್ಗೆ ಬಾವುಟ ಹಾರಿಸಿ, ಸಿಹಿ ಹಂಚಿ. ದೊಡ್ಡ ಕಾರ್ಯಕ್ರಮವನ್ನು ತಿಂಗಳ ಎರಡನೇ ಅಥವಾ ಮೂರನೇ ಶನಿವಾರಕ್ಕೆ ಇಟ್ಟುಕೊಳ್ಳಿ. ನವೆಂಬರ್ ಇಡೀ ರಾಜ್ಯೋತ್ಸವದ ತಿಂಗಳೇ ಅಲ್ವಾ? 1ನೇ ತಾರೀಖು ಶಾಮಿಯಾನ, ಮೈಕ್‌ಸೆಟ್, ಡೊಳ್ಳಿನ ತಂಡ ಎಲ್ಲಕ್ಕೂ ಎಳೆದಾಟ. ಕೆಲವು ವರ್ಷ ದೀಪಾವಳಿಯೂ ಅಲ್ಲೇ ಬೀಳುತ್ತದೆ. 2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂದಿತ್ತು, ಅರ್ಧ ಜನ ಊರಿಗೆ ಹೋಗಿದ್ದರು.

ದಿನ ಗೊತ್ತಾದ ಮೇಲೆ ಖರ್ಚಿನ ಪಟ್ಟಿ ಹಾಕಿ. ಊಟ, ಶಾಮಿಯಾನ, ಮೈಕ್, ಕಲಾವಿದರು, ಬಹುಮಾನ. ಒಟ್ಟು ಎಷ್ಟಾಯಿತೋ ಅದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ ಪಕ್ಕಕ್ಕಿಡಿ. ಅದನ್ನು ಯಾರಿಗೂ ಹೇಳಬೇಡಿ, ಹೇಳಿದರೆ ಆರ್ಕೆಸ್ಟ್ರಾ ಬೇಕು ಅನ್ನುತ್ತಾರೆ. ಚಂದಾ ಕೊಟ್ಟವರಿಗೆಲ್ಲ ರಸೀದಿ ಕೊಡಿ, ಐವತ್ತು ರೂಪಾಯಿ ಕೊಟ್ಟವರಿಗೂ.

ಕಾಗದ ಪತ್ರ

ಮೂರು ವಾರ ಮುಂಚೆಯೇ ಪೊಲೀಸ್ ಠಾಣೆಗೆ ಅರ್ಜಿ ಕೊಡಿ. ಜಾಗ, ದಿನ, ಶುರು ಮತ್ತು ಮುಗಿಯುವ ಹೊತ್ತು, ಅಂದಾಜು ಜನ, ಒಬ್ಬರ ಫೋನ್ ನಂಬರ್ ಬರೆದರೆ ಸಾಕು. ಪಾರ್ಕು ಅಥವಾ ರಸ್ತೆ ಬಳಸುವುದಾದರೆ ಪಾಲಿಕೆಯದ್ದೂ ಅನುಮತಿ ಬೇಕು. ಮೈಕಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ಒಂಬತ್ತೂವರೆಗೆ ಮುಗಿಸುವ ಲೆಕ್ಕ ಹಾಕಿ. ಕರೆಂಟಿಗೆ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ. ಬೀದಿ ದೀಪದ ಕಂಬದಿಂದ ವೈರ್ ಎಳೆಯುವ ಜಾಣತನ ಬೇಡ.

ಮಳೆ ಬರಬಹುದು. ಹಿಂಗಾರು ಇನ್ನೂ ಮುಗಿದಿರುವುದಿಲ್ಲ. ನೀರು ಸೋರದ ಪೆಂಡಾಲ್ ಅಂತ ಬಾಯಲ್ಲಿ ಹೇಳಿದರೆ ಸಾಲದು, ಅಡ್ವಾನ್ಸ್ ಚೀಟಿಯಲ್ಲಿ ಬರೆಸಿ.

ಬ್ಯಾನರ್ ಓದಿ, ಎರಡು ಸಲ

ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ, ಬಟ್ಟೆ ಬ್ಯಾನರ್ ಬರೆಸಿ. ಪ್ರಿಂಟ್ ಆಗುವ ಮುಂಚೆ ಅಂಗಡಿಗೆ ಖುದ್ದಾಗಿ ಹೋಗಿ ನೋಡಿ. ಮೊಬೈಲಲ್ಲಿ ಕಳಿಸಿದ ಕನ್ನಡ ಅಕ್ಷರವನ್ನು ಹಳೇ ಸಾಫ್ಟ್‌ವೇರ್‌ಗೆ ಹಾಕಿದರೆ ಒತ್ತಕ್ಷರ ಕಿತ್ತುಹೋಗುತ್ತದೆ. ‘ರಾಜ್ಯೋತ್ಸವ’ ಅನ್ನುವ ಪದದಲ್ಲೇ ಎರಡು ಒತ್ತಕ್ಷರ, ಇನ್ನು ಕೇಳಬೇಕೇ! ಕನ್ನಡದ ಹಬ್ಬಕ್ಕೆ ತಪ್ಪು ಕನ್ನಡದ ಬ್ಯಾನರ್ ಕಟ್ಟಿದರೆ ಊಟ ಎಷ್ಟೇ ಚೆನ್ನಾಗಿದ್ದರೂ ಜನ ನೆನಪಿಟ್ಟುಕೊಳ್ಳುವುದು ಅದನ್ನೇ. ಬಾವುಟವನ್ನೂ ನೋಡಿಕೊಳ್ಳಿ. ಮೇಲೆ ಹಳದಿ, ಕೆಳಗೆ ಕೆಂಪು. ತರಾತುರಿಯಲ್ಲಿ ತಲೆಕೆಳಗು ಕಟ್ಟುವವರನ್ನು ಕಣ್ಣಾರೆ ಕಂಡಿದ್ದೇನೆ.

ನಿಮಿಷದ ಪಟ್ಟಿ

ಇದೇ ಇಡೀ ಕಾರ್ಯಕ್ರಮದ ಬೆನ್ನೆಲುಬು. ಒಂದೇ ಹಾಳೆ, ಮೂರು ಕಾಲಂ: ಹೊತ್ತು, ಕೆಲಸ, ಹೆಸರು. ನಮ್ಮದರ ಒಂದು ತುಣುಕು ನೋಡಿ.

6.00 – ನಾಡಗೀತೆ, 3 ನಿಮಿಷ. ಪೆನ್‌ಡ್ರೈವ್ ಸುಮಕ್ಕನ ಹತ್ತಿರ.
6.03 – ದೀಪ ಬೆಳಗುವುದು, ಸ್ವಾಗತ, 7 ನಿಮಿಷ. ಎಣ್ಣೆ, ಬತ್ತಿ, ಬೆಂಕಿಪೆಟ್ಟಿಗೆ ರಾಮಣ್ಣ.
6.10 – ಡೊಳ್ಳು, 15 ನಿಮಿಷ. ಮುಂದಿನ ಸಾಲಿನ ಕುರ್ಚಿ ಸರಿಸುವುದು ಹುಡುಗರ ಪೈಕಿ ಕಿರಣ.

ಬೆಂಕಿಪೆಟ್ಟಿಗೆಗೂ ಹೆಸರು ಬೇಕಾ ಅಂತ ನಗಬೇಡಿ. ಮುಖ್ಯ ಅತಿಥಿ ಆರಿದ ದೀಪದ ಮುಂದೆ ಕೈಕಟ್ಟಿ ನಿಂತಿದ್ದಾಗ ಇಡೀ ಸಮಿತಿ ಜೇಬು ತಡಕಿದ್ದನ್ನು ನೋಡಿದವನು ನಾನು.

ನಾಡಗೀತೆಯದ್ದು ಇನ್ನೊಂದು ಮಾತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ ಸರ್ಕಾರ 2022ರಲ್ಲಿ ಗೊತ್ತು ಮಾಡಿದೆ. ಆ ಧಾಟಿಯ ರೆಕಾರ್ಡನ್ನೇ ಇಟ್ಟುಕೊಳ್ಳಿ, ಅಥವಾ ನಿಮ್ಮವರೇ ಹಾಡುವುದಾದರೆ ಅದನ್ನೇ ಕಲಿಸಿ. ಹಾಡುಗಳೆಲ್ಲ ಪೆನ್‌ಡ್ರೈವಿನಲ್ಲಿ 01, 02 ಅಂತ ನಂಬರ್ ಹಾಕಿ ಇರಲಿ. ಯಾರದೋ ಮೊಬೈಲಿಗೆ ಸ್ಪೀಕರ್ ಜೋಡಿಸಬೇಡಿ. ಮಕ್ಕಳ ನೃತ್ಯದ ನಡುವೆ ಫೋನ್ ರಿಂಗಾಗಿ, ಪಾಪ, ಮಕ್ಕಳು ರಿಂಗ್‌ಟೋನಿಗೂ ಎರಡು ಹೆಜ್ಜೆ ಹಾಕಿದ್ದವು.

ಭಾಷಣದ ಲೆಕ್ಕ ಕಟ್ಟುನಿಟ್ಟಾಗಿರಲಿ. ನಾಲ್ಕು ಜನಕ್ಕೆ ಹದಿನೈದು ನಿಮಿಷ ಕೊಟ್ಟರೆ ಅಲ್ಲಿಗೆ ಒಂದು ಗಂಟೆ ಹೋಯಿತು. ಇಬ್ಬರೇ ಮಾತಾಡಲಿ, ತಲಾ ಎಂಟು ನಿಮಿಷ. ಸನ್ಮಾನ ಇನ್ನೂ ಮೋಸದ್ದು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಆಮೇಲೆ ಫೋಟೋಗೆ ಮೂರು ಸಲ ನಗು. ಒಬ್ಬರಿಗೆ ಮೂರು ನಿಮಿಷ ಬೇಕೇ ಬೇಕು. ಎಂಟು ಜನಕ್ಕೆ ಸನ್ಮಾನ ಅಂದರೆ ಹತ್ತಿರ ಹತ್ತಿರ ಅರ್ಧ ಗಂಟೆ. ಬೀದಿ ಗುಡಿಸುವವರಿಗೆ, ರಾತ್ರಿ ಕಾವಲಿನವರಿಗೆ ಮಾಡಿ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಸಮಿತಿಯವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುವುದನ್ನು ಮನೆಯಲ್ಲೇ ಮುಗಿಸಿಕೊಳ್ಳಲಿ.

ಮಕ್ಕಳನ್ನು ಭಾಷಣಕ್ಕೆ ಮುಂಚೆ ವೇದಿಕೆಗೆ ಹತ್ತಿಸಿ. ನಾಲ್ಕು ಗಂಟೆಗೇ ವೇಷ ಹಾಕಿಸಿಕೊಂಡಿರುತ್ತವೆ, ಎಂಟೂವರೆ ಹೊತ್ತಿಗೆ ಕಿತ್ತೂರು ಚೆನ್ನಮ್ಮ ಅಮ್ಮನ ತೊಡೆ ಮೇಲೆ ನಿದ್ದೆ ಹೋಗಿರುತ್ತಾಳೆ. ಡೊಳ್ಳಿನವರನ್ನು ಮಾತ್ರ ವೇದಿಕೆಗೆ ಹತ್ತಿಸಬೇಡಿ. ಹನ್ನೆರಡು ಜನ ಡೊಳ್ಳು ಕಟ್ಟಿಕೊಂಡು ಕುಣಿದರೆ ಬಾಡಿಗೆ ಹಲಗೆ ತಡೆಯಲ್ಲ. ನೆಲದಲ್ಲೇ ಜಾಗ ಬಿಡಿ. ಬಟ್ಟೆ ಬದಲಿಸಲು ಒಂದು ಕೋಣೆ, ಬಂದ ಕೂಡಲೇ ಟೀ, ಕುಣಿದ ಮೇಲೆ ಊಟ, ಹೊರಡುವ ಮುಂಚೆ ಕೈಗೆ ದುಡ್ಡು. ಕಲಾವಿದರನ್ನು ದುಡ್ಡಿಗೆ ಅಲೆದಾಡಿಸುವ ಸಮಿತಿಗೆ ಮುಂದಿನ ವರ್ಷ ಒಳ್ಳೆ ತಂಡ ಸಿಗಲ್ಲ.

ಊಟ

ಬಿಸಿಬೇಳೆಬಾತ್, ಮೊಸರನ್ನ, ಕೇಸರಿಬಾತ್. ಇಷ್ಟಿದ್ದರೆ ಯಾರೂ ಬೈಯಲ್ಲ. ಒಂದು ಕೆಜಿ ಅಕ್ಕಿಗೆ ಹತ್ತು ಜನ ಅನ್ನುವುದು ಹಳೇ ಲೆಕ್ಕ, ಮಿಕ್ಕಿದ್ದು ಭಟ್ಟರಿಗೆ ಬಿಡಿ. ಆದರೆ ಅವರಿಗೆ ನಿಜವಾದ ಸಂಖ್ಯೆ ಹೇಳಿ. ಕುಡಿಯುವ ನೀರು ತಲೆಗೆ ಅರ್ಧ ಲೀಟರ್ ಅಂದರೂ ಮುನ್ನೂರು ಜನಕ್ಕೆ 150 ಲೀಟರ್, ಅಂದರೆ 20 ಲೀಟರಿನ ಎಂಟು ಕ್ಯಾನ್. ನಾವು ಹನ್ನೆರಡು ತರಿಸುತ್ತೇವೆ. ಬಡಿಸುವ ಕಡೆ ಎರಡು ಸಾಲು ಇರಲಿ, ವಯಸ್ಸಾದವರಿಗೆ ಕೂತಲ್ಲಿಗೇ ತಟ್ಟೆ ಹೋಗಲಿ. ಅಡಿಕೆ ಹಾಳೆ ತಟ್ಟೆ ಹಾಕಿದರೆ ಹಸಿ ಕಸದ ಡಬ್ಬಿಗೇ ಹೋಗುತ್ತದೆ, ಬೆಳಗ್ಗೆ ಕಸದವರ ಹತ್ತಿರ ಬೈಸಿಕೊಳ್ಳುವುದು ತಪ್ಪುತ್ತದೆ.

ಆ ದಿನ ನೀವೆಲ್ಲಿರಬೇಕು?

ವೇದಿಕೆ ಮೇಲಲ್ಲ. ಮೇಲ್ವಿಚಾರಣೆ ಮಾಡುವವರು ಅಲ್ಲಿ ಕೂತರೆ ಹಿಂದೆ ನೀರು ಖಾಲಿಯಾಗಿದ್ದು ಗೊತ್ತಾಗಲ್ಲ. ಮೈಕಿನವರ ಪಕ್ಕ ನಿಂತುಕೊಳ್ಳಿ, ಕೈಯಲ್ಲಿ ಆ ಹಾಳೆ, ಜೇಬಲ್ಲಿ ಎರಡು ಸಾವಿರದಷ್ಟು ಚಿಲ್ಲರೆ. ಮಧ್ಯಾಹ್ನ ಮೂರಕ್ಕೇ ಜನರೇಟರನ್ನು ಹತ್ತು ನಿಮಿಷ ಓಡಿಸಿ ನೋಡಿ. ಅದನ್ನು ನಾನು ಈಗ ಯಾರಿಗೂ ವಹಿಸುವುದಿಲ್ಲ. ಆ ಸಾಲಿನ ಮುಂದೆ ಇರುವುದು ನನ್ನದೇ ಹೆಸರು.

ಕಾರ್ಯಕ್ರಮ ಮುಗಿದ ಮೂರು ದಿನದೊಳಗೆ ಲೆಕ್ಕವನ್ನು ಬಿಲ್ ಸಮೇತ ಗ್ರೂಪಿಗೆ ಹಾಕಿ. ಬಾಡಿಗೆ ಸಾಮಾನನ್ನು ಮಾತ್ರ ಅವತ್ತು ರಾತ್ರಿಯೇ ಎಣಿಸಿ ಒಪ್ಪಿಸಬೇಕು, ಬೆಳಗ್ಗೆ ಎಣಿಸಿದರೆ ಕಳೆದದ್ದೆಲ್ಲ ನಿಮ್ಮ ತಲೆಗೆ. ಹೋದ ವರ್ಷ ಎಣಿಸಿದಾಗ ಮುನ್ನೂರಕ್ಕೆ ಮೂರು ಕುರ್ಚಿ ಕಮ್ಮಿ ಬಂದವು. ಟಾರ್ಚ್ ಹಿಡಿದು ಹುಡುಕಿದರೆ ಹೊಂಗೆ ಮರದ ಕೆಳಗೆ ಮೂವರು ಅಜ್ಜಂದಿರು ಇನ್ನೂ ಕೂತು ಹರಟುತ್ತಿದ್ದರು. ಶಾಮಿಯಾನದ ಹುಡುಗ ಲಾರಿಗೆ ಒರಗಿ ಬೀಡಿ ಹಚ್ಚಿದ. “ಇರ್ಲಿ ಬಿಡಿ ಸಾರ್, ಹತ್ ನಿಮಿಷ ಕಾಯ್ತೀನಿ” ಅಂದ.